ಆ ಗುರುವಾರದ ದಡದ ಪ್ರವಾಸ

ಬಂದರು ಬೀದಿಯ ಮಹಡಿ ಮನೆ,
ನವೆಂಬರ್ ೧೮, ಮಂಗಳವಾರ, ಊಟವಾದ ಮೇಲೆ

ಪ್ರೀತಿಯ ಗುಬ್ಬೀ,

ಹೇಗಿದ್ದೀಯ? ಸೊಂಟನೋವು ಕಡಿಮೆಯಾಯಿತೆ? ದಿನವಿಡೀ ಕನ್ನಡಕದ ಅಂಗಡಿಯಲ್ಲಿ ಬಗ್ಗಿ ಬಗ್ಗಿ ಊರಿನವರ ಕಣ್ಣು ನೋಡುತ್ತೀಯ, ನಿನ್ನ ಬೆನ್ನು ನೋಡಿಕೊಳ್ಳುವುದಕ್ಕೆ ಮಾತ್ರ ನಿನಗೆ ಪುರುಸೊತ್ತಿಲ್ಲ ಎಂದು ಅಮ್ಮ ಗೊಣಗುತ್ತಿದ್ದುದು ನೆನಪಾಯಿತು. ಎತ್ತರದ ಸ್ಟೂಲು ತರಿಸಿಕೋ, ನಾಚಿಕೊಳ್ಳಬೇಡ. ಮರಿಗೆ ಮುಂದಿನ ಹಲ್ಲು ಅಲ್ಲಾಡುತ್ತಿತ್ತಲ್ಲ, ಬಿತ್ತೇ ಇಲ್ಲವೇ? ಅಳಿಯಂದಿರ ಕೆಮ್ಮು ಹೇಗಿದೆ? ಪಾಪ, ನಾನು ಫೋನ್ ಮಾಡಿದಾಗಲೆಲ್ಲ ಅವರೇ ಎತ್ತಿ, ನೀನು ಸ್ನಾನಕ್ಕೆ ಹೋಗಿದ್ದೀಯ ಎಂದು ಮೆಲ್ಲಗೆ ಹೇಳುತ್ತಾರೆ. ಹತ್ತು ವಾರದಲ್ಲಿ ಹದಿನಾಲ್ಕು ಸಲ ಮಾಡಿದ್ದೇನೆ, ಹದಿನಾಲ್ಕು ಸಲವೂ ನೀನು ಸ್ನಾನದ ಮನೆಯಲ್ಲೇ ಇದ್ದೆ. ಇಷ್ಟು ಶುಚಿಯ ಮಗಳು ನಮ್ಮ ಮನೆಯಲ್ಲಿ ಹುಟ್ಟಿದ್ದು ಹೇಗೆಂದು ಅಮ್ಮ ಇದ್ದಿದ್ದರೆ ಕೇಳುತ್ತಿದ್ದಳು. ಅಳಿಯಂದಿರ ಮೇಲೆ ಸಿಟ್ಟಾಗಬೇಡ. ಸುಳ್ಳು ಹೇಳಲು ಬಾರದವರ ಬಾಯಿಗೆ ಸುಳ್ಳು ಕೊಟ್ಟರೆ ಅವರು ಒಂದನ್ನೇ ಹಿಡಿದುಕೊಂಡು ಕೂರುತ್ತಾರೆ. ಅದಕ್ಕೇ ಫೋನು ಬಿಟ್ಟು ಕಾಗದ ಹಿಡಿದಿದ್ದೇನೆ. ಕಾಗದಕ್ಕೆ ಸ್ನಾನದ ನೆಪ ಹೇಳಲಾಗುವುದಿಲ್ಲ. ಹರಿದು ಹಾಕಬಹುದು, ಆದರೆ ನೀನು ಹುಟ್ಟಿದಾಗಿನಿಂದ ಏನನ್ನೂ ಓದದೆ ಹರಿದವಳಲ್ಲ.

ನನ್ನ ಸುದ್ದಿ ಏನೆಂದರೆ, ಸುದ್ದಿ ಇಲ್ಲ. ಈ ವರ್ಷದ ಕೊನೆಯ ಪ್ರವಾಸಿಗರ ಹಡಗು ಅಕ್ಟೋಬರ್ ಮೂವತ್ತಕ್ಕೆ ಹೊರಟುಹೋಯಿತು. ಇನ್ನು ಏಪ್ರಿಲ್‌ವರೆಗೆ ಬಂದರಿನಲ್ಲಿ ಮೀನಿನ ದೋಣಿ ಮತ್ತು ಹಕ್ಕಿಗಳು ಮಾತ್ರ. ನನ್ನ ಗೈಡಿನ ನೀಲಿ ಕೋಟು, ಎದೆಯ ಬಿಲ್ಲೆ, ನಂಬರು ಬರೆದ ಹಲಗೆ ಎಲ್ಲ ಬಾಗಿಲ ಹಿಂದಿನ ಮೊಳೆಯಲ್ಲಿವೆ. ಚೆನ್ನಾಗಿದ್ದೇನೆ ಎಂದು ಬರೆಯಲು ಹೊರಟೆ, ಅದು ನಿಜವಲ್ಲ. ಚೆನ್ನಾಗಿಲ್ಲ ಎಂದು ಬರೆದರೆ ಅದೂ ನಿಜವಲ್ಲ. ಕಾಲು ಜೋಮು ಹಿಡಿದಾಗ ನೆಲ ಮುಟ್ಟಿದೆಯೋ ಇಲ್ಲವೋ ತಿಳಿಯದೆ ನಡೆಯುತ್ತೇವಲ್ಲ, ಹಾಗೆ ಇಡೀ ಮನುಷ್ಯನಿಗೆ ಜೋಮು ಹಿಡಿದಂತಿದೆ. ಹೋದ ಶನಿವಾರ ಬ್ರೆಡ್ ಕೊಯ್ಯುವಾಗ ಹೆಬ್ಬೆರಳು ಕೊಯ್ದುಕೊಂಡೆ. ಕೊಯ್ದದ್ದು ಗೊತ್ತಾದದ್ದು ಕೆಳಗೆ ಹಾಸಿದ್ದ ಪೇಪರು ಕೆಂಪಾದಾಗ. ಗಾಬರಿಯಾಗಬೇಡ, ಎರಡು ಹೊಲಿಗೆ, ವಾಸಿಯಾಗುತ್ತಿದೆ. ಕೆಳಮನೆಯ ದರ್ಜಿ ದಿನಾ ಒಂದು ಸಲ ಮೆಟ್ಟಿಲ ಬುಡದಲ್ಲಿ ನಿಂತು ನನ್ನ ಹೆಸರು ಕೂಗುತ್ತಾನೆ. ನಾನು ಓ ಅನ್ನುತ್ತೇನೆ. ಬದುಕಿದ್ದೇನೆ ಎಂದು ಖಾತ್ರಿಯಾದ ಮೇಲೆ ಹೊಲಿಗೆಗೆ ಕೂರುತ್ತಾನೆ. ಅಳು ಬಂತೇ ಎಂದು ನೀನು ಕೇಳುವುದಿಲ್ಲ, ಆದರೂ ಹೇಳುತ್ತೇನೆ: ಬಂದಿಲ್ಲ. ಬಂದಿದ್ದರೆ ನಿನಗೆ ಮೊದಲೇ ಬರೆಯುತ್ತಿದ್ದೆ.

ಈಗ ಬರೆಯಲು ಕಾರಣವಾದದ್ದು ಇನ್ನೊಂದು ಕಾಗದ. ಮೊನ್ನೆ ಪ್ರವಾಸದ ಆಫೀಸಿಗೆ ಕೋಟಿನ ಬಿಲ್ಲೆ ಹಿಂದಿರುಗಿಸಲು ಹೋಗಿದ್ದೆ. ಮ್ಯಾನೇಜರು ಬಿಲ್ಲೆ ಇಟ್ಟುಕೊಳ್ಳಿ ಎಂದು ಗೋಡೆ ತೋರಿಸಿದರು. ಅಲ್ಲಿ ಚೌಕಟ್ಟು ಹಾಕಿಸಿದ ಒಂದು ಪತ್ರ. ಸೆಪ್ಟೆಂಬರ್ ಹನ್ನೊಂದರ ಪ್ರವಾಸಕ್ಕೆ ಬಂದಿದ್ದ ಒಬ್ಬ ವಯಸ್ಸಾದ ಹೆಂಗಸು ಊರಿಗೆ ಮರಳಿದ ಮೇಲೆ ಬರೆದದ್ದು. ತಾನು ಜೀವಮಾನದಲ್ಲಿ ಕಂಡ ಗೈಡುಗಳಲ್ಲಿ ಈತನಂಥವನಿಲ್ಲ, ಒಂದೇ ಒಂದು ಮಾತು ಹೆಚ್ಚಿಲ್ಲ ಕಡಿಮೆಯಿಲ್ಲ, ಎಷ್ಟು ಶಾಂತ, ಎಷ್ಟು ಸಹನೆ ಎಂದೆಲ್ಲ. ಮುಂದಿನ ವರ್ಷ ಹೊಸ ಗೈಡುಗಳಿಗೆ ನಾನೇ ತರಬೇತಿ ಕೊಡಬೇಕೆಂದು ಮ್ಯಾನೇಜರು ಹೇಳಿದರು. ತಾರೀಕನ್ನು ನಾನು ಎರಡು ಸಲ ಓದಿದೆ. ನಿನ್ನ ಅಮ್ಮ ಹೋದ ದಿನ ಅದು. ಆ ದಿನ ನಾನು ಎಲ್ಲಿದ್ದೆ ಎಂದು ನೀನು ನನ್ನನ್ನು ಕೇಳಿದ್ದೆ. ನಾನು ಉತ್ತರ ಕೊಡಲಿಲ್ಲ. ಉತ್ತರ ಅಪರಿಚಿತರ ಆಫೀಸಿನ ಗೋಡೆಯ ಮೇಲೆ ಗಾಜಿನೊಳಗೆ ತೂಗುತ್ತಿದೆ, ನಿನಗೆ ಮಾತ್ರ ಗೊತ್ತಿಲ್ಲ. ಅದು ಸರಿಯಲ್ಲ ಅನಿಸಿತು. ಅದಕ್ಕೇ ಆ ಗುರುವಾರ ಏನೇನಾಯಿತು ಎಂದು ಬರೆಯುತ್ತೇನೆ. ಸಮರ್ಥನೆ ಎಂದು ಓದಬೇಡ.

ಅಮ್ಮ ಆಸ್ಪತ್ರೆ ಸೇರಿ ಆಗ ಹದಿನೇಳು ದಿನ. ಪ್ರತಿದಿನದಂತೆ ಆರಕ್ಕೇ ಹೋಗಿ ಅವಳ ಮುಖ ಒರೆಸಿ, ತಲೆ ಬಾಚಿದೆ. ಕೂದಲು ಬಾಚುವುದರಲ್ಲಿ ನಾನು ಅಷ್ಟು ಹೊತ್ತಿಗೆ ತಕ್ಕಮಟ್ಟಿಗೆ ಪಳಗಿದ್ದೆ, ಆದರೂ ಬೈತಲೆ ಸೊಟ್ಟಗಾಯಿತೆಂದು ಕನ್ನಡಿ ಕೇಳಿ ನೋಡಿ ನಕ್ಕಳು. ಎರಡು ಚಮಚ ಸೂಪು ಕುಡಿದಳು. ಉಸಿರು ಹಿಂದಿನ ದಿನಕ್ಕಿಂತ ಸಲೀಸಾಗಿಯೇ ಇತ್ತು. ಸಂಜೆ ನೀನು ಬರುತ್ತೀಯೆಂದು ಅವಳಿಗೆ ಗೊತ್ತಿತ್ತು. ಹಡಗು ಬಂದಿದೆಯಲ್ಲ, ಹೊರಡಿ ಎಂದಳು. ಅವಳು ಹೇಳಿದ್ದು ಇಷ್ಟೇ: “ಹೋಗಿ ಬನ್ನಿ. ಇಲ್ಲಿ ಕೂತು ನನ್ನ ಮೂಗು ನೋಡ್ತಾ ಇದ್ರೆ ಉಸಿರು ಬರಲ್ಲ ನನಗೆ.” ನೀನು ಬಲ್ಲೆ, ಅವಳ ಪ್ರೀತಿ ಯಾವಾಗಲೂ ಬೈಗುಳದ ಅಂಗಿ ತೊಟ್ಟೇ ಹೊರಗೆ ಬರುತ್ತಿತ್ತು. ಏಳೂವರೆಗೆ ಬಸ್ಸು ಹಿಡಿದು ಬಂದರಿಗೆ ಇಳಿದೆ. ಎಂಟೂವರೆಯ ಹೊತ್ತಿಗೆ ಹಡಗಿನ ಬಾಯಿಯ ಎದುರು ಏಳನೇ ನಂಬರಿನ ಹಲಗೆ ಹಿಡಿದು ನಿಂತಿದ್ದೆ. ಒಂಬತ್ತಕ್ಕೆ ಮೂವತ್ತೆರಡು ಜನ ಸೇರಿದರು. ಎಣಿಸಿದೆ, ಮತ್ತೊಂದು ಸಲ ಎಣಿಸಿದೆ, ಹೊರಟೆವು.

ನಮ್ಮ ಸುತ್ತು ನಿನಗೆ ಬಾಯಿಪಾಠ. ಚಿಕ್ಕವಳಿದ್ದಾಗ ರಜೆಯಲ್ಲಿ ನನ್ನ ಕೋಟಿನ ತುದಿ ಹಿಡಿದು ಎಷ್ಟು ಸಲ ಸುತ್ತಿದ್ದೀಯ. ಮೊದಲು ದೀಪದ ಮನೆ, ನೂರಾ ಹನ್ನೆರಡು ಮೆಟ್ಟಿಲು, ಮಂಡಿನೋವಿನವರು ಕೆಳಗಿನ ಬೆಂಚಿನಲ್ಲಿ. ನಲವತ್ತು ವರ್ಷ ದೀಪ ಕಾದವನು ನಿವೃತ್ತನಾಗಿ ಮನೆಗೆ ಬಂದಾಗ ಹೆಂಡತಿ, ಊರಿಗೆಲ್ಲ ದಾರಿ ತೋರಿಸಿದಿರಿ, ನಮ್ಮ ಅಡುಗೆಮನೆ ಎಲ್ಲಿದೆ ಗೊತ್ತಾ ಎಂದು ಕೇಳಿದಳಂತೆ ಎಂಬ ಜೋಕು ಅಲ್ಲಿ ಹೇಳಬೇಕು. ಅದು ಯಾವ ಚರಿತ್ರೆಯ ಪುಸ್ತಕದಲ್ಲೂ ಇಲ್ಲ, ನಿನ್ನ ಅಮ್ಮನೇ ಹೊಸೆದದ್ದು, ಮತ್ತು ಯಾರನ್ನು ಕುರಿತು ಹೊಸೆದಳೆಂದು ನಿನಗೆ ಹೇಳಬೇಕಿಲ್ಲ. ಆಮೇಲೆ ಸಮುದ್ರದ ಗೋಡೆ, ಅದರ ಮೇಲಿನ ಒಂಬತ್ತು ಫಿರಂಗಿ. ಯುದ್ಧದಲ್ಲಿ ಒಂದೂ ಹಾರದೆ, ಯಾರದೋ ಮದುವೆಯ ದಿನ ಒಂದು ತಪ್ಪಿ ಹಾರಿ ಒಗೆದು ಹಾಕಿದ ಬಟ್ಟೆಯ ಸಾಲನ್ನು ಹೊತ್ತುಕೊಂಡು ಹೋದ ಕತೆ. ಗಾಳಿ ಜೋರಿತ್ತು. ಎಲ್ಲರೂ ಟೋಪಿ ಹಿಡಿದುಕೊಂಡೇ ನಕ್ಕರು. ಅಲ್ಲಿಂದ ಹಳೆಯ ಸುಂಕದ ಮನೆ.

ಸುಂಕದ ಮನೆಯಲ್ಲಿ ದೊಡ್ಡ ತಕ್ಕಡಿಯ ಎದುರು ನಿಂತು ಮೂಗಿನ ಗುಮಾಸ್ತನ ಕತೆ ಹೇಳುತ್ತಿದ್ದೆ. ಆ ಕಾಲದಲ್ಲಿ ದೋಣಿಯಲ್ಲಿ ಬಂದ ಪೀಪಾಯಿಯೊಳಗೆ ಎಣ್ಣೆಯೋ ಮದ್ಯವೋ ಎಂದು ಮೂಸಿ ಹೇಳುವುದಕ್ಕೇ ಒಬ್ಬ ಗುಮಾಸ್ತನಿದ್ದ, ಅವನಿಗೆ ನೆಗಡಿಯಾದ ದಿನ ಬಂದರೇ ಬಂದ್ ಎಂದು. ಆಗ ಜೇಬಿನಲ್ಲಿ ಫೋನು ನಡುಗಿತು. ಹತ್ತು ಇಪ್ಪತ್ತು. ಒಂದು ನಿಮಿಷ ಎಂದು ಬೆರಳೆತ್ತಿ ಕಿಟಕಿಯ ಹತ್ತಿರ ಹೋದೆ. ಹಗಲು ಪಾಳಿಯ ನರ್ಸು. ಹತ್ತು ಹದಿನೈದಕ್ಕೆ ಹೋದರು ಎಂದು ಹೇಳಿದರು. ದಾರಿಯಲ್ಲಿದ್ದೀರಾ ಎಂದು ಕೇಳಿದರು. ಹೌದು ಎಂದೆ. ನಿಧಾನ ಬನ್ನಿ, ಇನ್ನು ಅವಸರವಿಲ್ಲ ಎಂದು ಬಹಳ ಮೃದುವಾಗಿ ಹೇಳಿ ಇಟ್ಟರು. ಕಿಟಕಿಯ ಹೊರಗೆ ಗೋಡೆಗೆ ಬಡಿದ ಕಬ್ಬಿಣದ ಬಳೆಗಳು, ಹಿಂದೆ ಅವಕ್ಕೆ ದೋಣಿ ಕಟ್ಟುತ್ತಿದ್ದರು. ಅವುಗಳನ್ನು ನೋಡುತ್ತ ನಿಂತೆ. ಎಷ್ಟು ಹೊತ್ತೋ ಗೊತ್ತಿಲ್ಲ, ಬಹುಶಃ ಅರ್ಧ ನಿಮಿಷ. ಆಮೇಲೆ ತಿರುಗಿದೆ. ನೆಗಡಿಯಾದ ದಿನ ಎಂಬಲ್ಲಿ ವಾಕ್ಯ ನಿಂತಿತ್ತು. ಸರಿಯಾಗಿ ಅಲ್ಲಿಂದಲೇ ಎತ್ತಿಕೊಂಡೆ. ದಪ್ಪ ಕನ್ನಡಕದ ಒಬ್ಬ ಹೆಂಗಸು, ಅವನು ಬರೀ ಮೂಸುತ್ತಿದ್ದನೋ ಕುಡಿಯುತ್ತಲೂ ಇದ್ದನೋ ಎಂದು ಕೇಳಿದರು. ದಾಖಲೆಯಲ್ಲಿ ಮೂಗಿನ ವಿಷಯ ಮಾತ್ರ ಇದೆ, ಬಾಯಿಯ ವಿಷಯ ಇಲ್ಲ ಎಂದೆ. ಎಲ್ಲರೂ ನಕ್ಕರು. ಗೋಡೆಯ ಮೇಲಿರುವ ಪತ್ರ ಈಕೆಯದೇ.

ಆಫೀಸಿಗೆ ಒಂದು ಫೋನ್ ಮಾಡಿದ್ದರೆ ಇನ್ನೊಬ್ಬ ಗೈಡನ್ನು ಕಳಿಸುತ್ತಿದ್ದರು. ಓದುತ್ತ ನೀನು ಈ ಸಾಲಿಗೆ ಬಂದಾಗ ಇದನ್ನೇ ಕೇಳುತ್ತೀಯೆಂದು ಗೊತ್ತು. ನಾನೂ ನನ್ನನ್ನು ಕೇಳಿದ್ದೇನೆ. ಕರ್ತವ್ಯ ಎಂದು ಹೇಳಿಕೊಳ್ಳಲು ನಾನೇನು ಸೈನಿಕನಲ್ಲ. ಮೂವತ್ತೆರಡು ಜನರಿಗೆ ಸುತ್ತಿನ ಕೊನೆಯ ಸೇಬಿನ ತೋಟ ತೋರಿಸದಿದ್ದರೆ ಲೋಕ ಮುಳುಗುತ್ತಿರಲಿಲ್ಲ. ಆದರೆ ಬಾಯಿಗೆ ಮುಂದಿನ ವಾಕ್ಯ ಗೊತ್ತಿತ್ತು, ಕಾಲಿಗೆ ಮುಂದಿನ ತಿರುವು ಗೊತ್ತಿತ್ತು. ಅವು ಹೋದ ಕಡೆಗೆ ನಾನು ಹೋದೆ. ಆಸ್ಪತ್ರೆಯ ದಾರಿಯಲ್ಲಿ ಹೇಳಬೇಕಾದ ವಾಕ್ಯ ಯಾವುದೆಂದು ನನಗೆ ಯಾರೂ ಬರೆದುಕೊಟ್ಟಿರಲಿಲ್ಲ.

ಹನ್ನೊಂದಕ್ಕೆ ಬಸ್ಸು ಹತ್ತಿದೆವು. ನಮ್ಮ ಡ್ರೈವರು ಗೊತ್ತಲ್ಲ, ಬಾಯಿಗೆ ಬೀಗವಿಲ್ಲದವನೆಂದು ಎಲ್ಲರೂ ಅವನಿಗೆ ಮೌನಿ ಎಂದು ಹೆಸರಿಟ್ಟಿದ್ದೇವೆ. ಅವನು ತನ್ನ ಅತ್ತಿಗೆಯ ಮನೆಯ ಸೋರುವ ಛಾವಣಿಯ ವಿಷಯ ಹೇಳುತ್ತಲೇ ಇದ್ದ, ನಾನು ಹೂಂಗುಟ್ಟುತ್ತಲೇ ಇದ್ದೆ. ದಂಡೆಯ ರಸ್ತೆ ಬಿಟ್ಟು ಗುಡ್ಡ ಹತ್ತುವಾಗ ಎಡಗಡೆಗೆ ಆಸ್ಪತ್ರೆಯ ಬಿಳಿ ಕಟ್ಟಡ ಕಾಣುತ್ತದೆ. ಅಲ್ಲಿ ನಾನು ಪ್ರತಿ ಸಲ, ನಿಮ್ಮ ಬಲಗಡೆಗೆ ನೋಡಿ, ಹಳೆಯ ಹಗ್ಗದ ಕಾರ್ಖಾನೆ ಎಂದು ಹೇಳುವ ಜಾಗ. ಆ ದಿನವೂ ಹೇಳಿದೆ. ಮೂವತ್ತೆರಡು ತಲೆ ಬಲಕ್ಕೆ ತಿರುಗಿದವು. ನನ್ನದೂ ತಿರುಗಿತು.

ತೋಟದ ಇಳಿಜಾರಿನಲ್ಲಿ ಆ ಕನ್ನಡಕದ ಹೆಂಗಸಿಗೆ ಕಾಲು ಜಾರಿತು. ಕೈ ಕೊಟ್ಟೆ. ಸೇಬಿನ ಮದ್ಯ ತಯಾರಿಸುವ ಶೆಡ್ಡಿನವರೆಗೂ ಅವರು ನನ್ನ ಕೈ ಬಿಡಲಿಲ್ಲ. ಅವರ ಅಂಗೈ ಬೆಚ್ಚಗಿತ್ತು. ಆ ದಿನ ಬೆಳಗಿನಿಂದ ಸಂಜೆಯವರೆಗೆ ನನ್ನ ಮೈಗೆ ತಿಳಿದದ್ದು ಅದೊಂದೇ. ಮರಗಳಲ್ಲಿ ಸೇಬು ಕೆಂಪಾಗಿ ನಿಂತಿದ್ದವು, ಕೆಳಗೆ ಹುಲ್ಲಿನಲ್ಲಿ ಬಿದ್ದ ಹಣ್ಣುಗಳು ಹುಳಿ ವಾಸನೆ ಹೊಡೆಯುತ್ತಿದ್ದವು, ಅವುಗಳ ಮೇಲೆ ಕಣಜಗಳು. ಇದನ್ನೆಲ್ಲ ಕಣ್ಣು ನೋಡಿ ಗುರುತಿಟ್ಟುಕೊಂಡಿದೆ. ಒಳಗೆ ಮಾತ್ರ ಏನೂ ಇಳಿಯಲಿಲ್ಲ.

ಶೆಡ್ಡಿನ ಒಡತಿಯನ್ನು ಅಮ್ಮ ಪೀಪಾಯಿಯಮ್ಮ ಎಂದು ಕರೆಯುತ್ತಿದ್ದಳಲ್ಲ, ಮುಖಕ್ಕೆ ಮುಖ ಕೊಟ್ಟೇ. ಅಮ್ಮ ಇಪ್ಪತ್ತೆರಡು ವರ್ಷ ಅಲ್ಲಿ ಬಾಟಲಿಗೆ ಚೀಟಿ ಅಂಟಿಸಿ, ಆಮೇಲೆ ಗಿರಾಕಿಗಳಿಗೆ ಸುರಿದುಕೊಟ್ಟು ದುಡಿದವಳು. ಅವರಿಬ್ಬರ ನಡುವೆ ದಿನಕ್ಕೊಂದು ಜಗಳ, ದಿನಕ್ಕೊಂದು ರಾಜಿ. ಪೀಪಾಯಿಯಮ್ಮ ಉದ್ದನೆಯ ಮೇಜಿನ ಮೇಲೆ ಒಬ್ಬೊಬ್ಬರಿಗೂ ಐದೈದು ಪುಟ್ಟ ಲೋಟ ಜೋಡಿಸಿಟ್ಟಿದ್ದರು. ಸೈಡರ್ ಎಂದರೆ ಬರೀ ಸೇಬಿನ ರಸ ಎಂದುಕೊಂಡು ಬಂದವರಿಗೆ ಮೊದಲು ಬುದ್ಧಿ ಹೇಳಬೇಕು, ಇದು ತಿಂಗಳುಗಟ್ಟಲೆ ಮರದ ಪೀಪಾಯಿಯೊಳಗೆ ಕೂತು ಹುಳಿತು ತಲೆಗೇರುವ ಪಾನೀಯ, ನೀರಿನಂತೆ ಕುಡಿದರೆ ಹಡಗಿನ ಬದಲು ಅಲೆಗೆ ಹತ್ತುತ್ತೀರಿ ಎಂದು. ಹೇಳಿದೆ. ಮೊದಲು ಮೂಸಿ, ನಾಲಿಗೆಯ ಅಡಿಯಲ್ಲಿ ನಿಲ್ಲಿಸಿ, ಹುಳಿ ಮೊದಲು ಬರುತ್ತದೆ, ಸಿಹಿ ನಿಧಾನಕ್ಕೆ, ಕೊನೆಗೆ ಸಿಪ್ಪೆಯ ಒಗರು ಎಂದೆ. ನಾನು ಕೆಲಸದ ವೇಳೆಯಲ್ಲಿ ಕುಡಿದವನಲ್ಲ. ಆ ದಿನ ಗುಂಪಿನಲ್ಲಿ ಒಬ್ಬರು, ನೀವೂ ಒಂದು ತಗೊಳ್ಳಿ ಎಂದು ಲೋಟ ಕೈಗೆ ತುರುಕಿದರು. ಅರ್ಧ ತೋಳಿನ ಮೇಲೆ ಚೆಲ್ಲಿತು, ಉಳಿದ ಅರ್ಧ ಕುಡಿದೆ. ಹುಳಿ ಬರಲಿಲ್ಲ, ಸಿಹಿ ಬರಲಿಲ್ಲ, ಒಗರೂ ಬರಲಿಲ್ಲ. ಚೆನ್ನಾಗಿದೆ ಎಂದೆ.

ಎಲ್ಲರೂ ತೋಟದಲ್ಲಿ ಫೋಟೋ ತೆಗೆಸಿಕೊಳ್ಳುತ್ತಿದ್ದಾಗ ಪೀಪಾಯಿಯಮ್ಮ ಕೈ ಒರೆಸಿಕೊಳ್ಳುತ್ತ ಹತ್ತಿರ ಬಂದರು. ಅವರಿಗೆ ಹೇಳಬೇಕೆಂದೇ ಇದ್ದೆ ಅನಿಸುತ್ತದೆ, ಯಾಕೆಂದರೆ ಬಾಯಿ ತೆರೆದಿದ್ದೆ. ಅವರೇ ಮೊದಲು ಕೇಳಿದರು.

“ಹೇಗಿದ್ದಾಳೆ ಇವತ್ತು?”

“ಪರವಾಗಿಲ್ಲ. ಬೆಳಿಗ್ಗೆ ಎರಡು ಚಮಚ ಸೂಪು ಕುಡಿದಳು” ಎಂದೆ.

ಅವರ ಮುಖ ಅರಳಿದ್ದನ್ನು ನೀನು ನೋಡಬೇಕಿತ್ತು. ಇಲ್ಲ, ನೋಡದಿದ್ದದ್ದೇ ಒಳ್ಳೆಯದು. ಒಳಗೆ ಹೋಗಿ ಚೀಟಿ ಇಲ್ಲದ ಒಂದು ಬಾಟಲಿ ತಂದರು. “ಹೋದ ವರ್ಷದ ಪೀಪಾಯಿ, ಇವತ್ತೇ ಬಿಚ್ಚಿದ್ದು. ಸೇಬು ಆರಿಸಿದವಳು ಅವಳೇ. ಡಾಕ್ಟರು ಕುಡೀಬಾರದು ಅಂದ್ರೆ ಬೇಡ, ಮೂಸಿ ನೋಡ್ಲಿ ಸಾಕು. ಹೇಗಿದೆ ಅಂತ ಅವಳ ಬಾಯಲ್ಲಿ ಕೇಳ್ಕೊಂಡು ಬಂದು ನನಗೆ ಹೇಳಿ.” ತಗೊಂಡೆ. ಹೇಳುತ್ತೇನೆ ಎಂದೆ. ಕೋಟಿನೊಳಗೆ ಹಿಡಿಸಲಿಲ್ಲ, ಕೈಯಲ್ಲೇ ಹಿಡಿದೆ.

ಮೂರಕ್ಕೆ ಹಡಗು ಹೊರಡಬೇಕಿತ್ತು. ಎರಡೂ ಹತ್ತಕ್ಕೆ ಎಲ್ಲರನ್ನೂ ಬಂದರಿಗೆ ತಂದು ಇಳಿಸಿದೆ. ಎಣಿಸಿದೆ, ಮೂವತ್ತೆರಡು. ಎಲ್ಲರೂ ಕೈ ಕುಲುಕಿದರು. ಬಸ್ಸಿನ ಬಾಗಿಲಲ್ಲಿ ಮೌನಿ ನನ್ನನ್ನು ಒಂಥರಾ ನೋಡಿ, ಇವತ್ತು ಒಂದು ಕಡೆಯೂ ತಪ್ಪಲಿಲ್ಲವಲ್ಲ, ಪ್ರತಿ ಸಲ ಫಿರಂಗಿಯ ಲೆಕ್ಕದಲ್ಲಿ ಒಂದಾದರೂ ಹೆಚ್ಚುಕಡಿಮೆ ಮಾಡುತ್ತಿದ್ದಿರಿ ಎಂದ. ನಾನು ಹಲಗೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡೆ. ಅವನು ಅದೇ ಮೊದಲ ಸಲ ಮುಂದೆ ಮಾತಾಡಲಿಲ್ಲ. ಹಡಗು ಕೂಗಿ ಹೊರಡುವವರೆಗೆ ಕಟ್ಟೆಯ ಮೇಲೆ ಕೂತಿದ್ದೆ. ಅದು ಹೋದ ಮೇಲೆ ಕಾಯಬೇಕಾದ್ದು ಏನೂ ಉಳಿಯಲಿಲ್ಲ. ಆಗ ಎದ್ದು ಆಸ್ಪತ್ರೆಯ ಬಸ್ಸು ಹತ್ತಿದೆ.

ಮುಂದಿನದು ನಿನಗೇ ಗೊತ್ತು. ನೀನು ಸಂಜೆ ಬರಬೇಕಾದವಳು ಯಾಕೋ ಮನಸ್ಸು ತಡೆಯದೆ ಹಿಂದಿನ ರೈಲು ಹಿಡಿದು ಹನ್ನೆರಡೂವರೆಗೇ ಬಂದುಬಿಟ್ಟಿದ್ದೆ. ಯಾರೂ ಇಲ್ಲದ ಕೋಣೆಯಲ್ಲಿ, ಮುಖದ ಮೇಲೆ ಬಟ್ಟೆ ಎಳೆದ ಅಮ್ಮನ ಪಕ್ಕ, ಒಬ್ಬಳೇ ಕೂತಿದ್ದೆ. ನನಗೆ ಎಷ್ಟು ಸಲ ಫೋನ್ ಮಾಡಿದೆಯೋ, ಸುಂಕದ ಮನೆಯಲ್ಲೇ ನಾನು ಅದರ ಬಾಯಿ ಮುಚ್ಚಿಬಿಟ್ಟಿದ್ದೆ. ನಾಲ್ಕೂಕಾಲಿಗೆ ಓಣಿಯ ತುದಿಯಲ್ಲಿ ನಾನು ಕಾಣಿಸಿದೆ, ಕೈಯಲ್ಲಿ ಬಾಟಲಿ, ತೋಳಿನಲ್ಲಿ ಸೈಡರಿನ ವಾಸನೆ. ನೀನು ಕೂಗಾಡಲಿಲ್ಲ. “ಅಮ್ಮ ಹೋಗಿ ಆರು ಗಂಟೆ ಆಯ್ತು. ಎಲ್ಲಿ ಕುಡೀತಾ ಕೂತಿದ್ದೆ ಅಪ್ಪಾ?” ಎಂದೆ. ನಾನು ಕುಡಿದಿಲ್ಲ ಎನ್ನಲು ಹೋದೆ, ಅರ್ಧ ಲೋಟ ಕುಡಿದದ್ದು ನೆನಪಾಯಿತು. ಬಾಟಲಿ ನನ್ನದಲ್ಲ ಎನ್ನಲು ಹೋದೆ, ಅಮ್ಮನದು ಎಂದು ಹೇಳುವುದು ಹೇಗೆಂದು ತಿಳಿಯಲಿಲ್ಲ. ಮರುದಿನ ಬೆಳಿಗ್ಗೆಯೇ ಮಣ್ಣು ಮಾಡಿ ಎಲ್ಲ ಮುಗಿಯಿತು. ನೀನು ಇಲ್ಲಿ ಉಳಿದ ನಾಲ್ಕು ದಿನ ನನ್ನ ಜೊತೆ ಆಡಿದ್ದು ಬೀಗದ ಕೈ ಎಲ್ಲಿದೆ, ಔಷಧಿಯ ಡಬ್ಬ ಏನು ಮಾಡಲಿ, ಇಂಥವು. ಹೊರಡುವಾಗ ಅಮ್ಮನ ಬೂದು ಸ್ವೆಟರನ್ನು ಚೀಲಕ್ಕೆ ಹಾಕಿಕೊಂಡೆ, ನನ್ನನ್ನು ಕೇಳಲಿಲ್ಲ. ಕೇಳಬೇಕಾಗಿಯೂ ಇರಲಿಲ್ಲ, ಅದು ನಿನಗೇ ಸೇರಬೇಕಾದ್ದು. ಚಳಿ ಶುರುವಾಗಿದೆ, ಹಾಕಿಕೋ. ಸುಮ್ಮನೆ ಕಪಾಟಿನಲ್ಲಿ ಇಡಬೇಡ, ಹುಳು ತಿನ್ನುತ್ತದೆ.

ಪೀಪಾಯಿಯಮ್ಮನ ವಿಷಯ ಒಂದು ಹೇಳಬೇಕು. ಅವರಿಗೆ ವಿಷಯ ಗೊತ್ತಾದದ್ದು ಮೂರನೆಯ ದಿನ, ತರಕಾರಿ ಅಂಗಡಿಯಲ್ಲಿ, ಯಾರದೋ ಬಾಯಿಂದ. ಆಮೇಲೆ ಅಕ್ಟೋಬರ್ ಕೊನೆಯವರೆಗೆ ವಾರಕ್ಕೆ ಮೂರು ಸಲ ಗುಂಪು ಕಟ್ಟಿಕೊಂಡು ಅವರ ಶೆಡ್ಡಿಗೆ ಹೋದೆ. ಲೋಟ ಜೋಡಿಸುತ್ತಿದ್ದರು, ಸುರಿಯುತ್ತಿದ್ದರು, ನನ್ನ ಕಡೆ ನೋಡುತ್ತಿರಲಿಲ್ಲ. ಕೊನೆಯ ಹಡಗು ಹೋದ ಮೇಲೆ ನಾನೊಬ್ಬನೇ ನಡೆದುಕೊಂಡು ಹೋದೆ. ಖಾಲಿ ಪೀಪಾಯಿ ತೊಳೆಯುತ್ತಿದ್ದರು. ಹೇಳಬೇಕೆಂದು ಹೋದದ್ದನ್ನೆಲ್ಲ ಹೇಳಿದೆ. ಬಹಳ ಹೊತ್ತು ಪೀಪಾಯಿಯೊಳಗೆ ತಲೆ ಹಾಕಿ ಉಜ್ಜುತ್ತಲೇ ಇದ್ದರು. ಆಮೇಲೆ ಹೊರಗೆ ಬಂದು ಹೇಳಿದರು: “ಆ ಮೂರು ದಿನ ನನ್ನ ಪಾಲಿಗೆ ಅವಳು ಬದುಕೇ ಇದ್ದಳು. ಸೈಡರ್ ಹೇಗಿದೆ ಅಂತ ಏನಂತಾಳೋ ಅಂತ ಕಾಯ್ತಿದ್ದೆ. ಅದಕ್ಕೆ ನಿಮ್ಮನ್ನ ಬೈಯಕ್ಕಾಗಲ್ಲ. ಆದ್ರೆ ಮಣ್ಣು ಹಾಕೋಕೆ ಬರೋಕೆ ಬಿಡಲಿಲ್ವಲ್ಲ ನೀವು ನನ್ನ, ಅದನ್ನ ಮರೆಯಕ್ಕೂ ಆಗಲ್ಲ.” ಇಷ್ಟು ಹೇಳಿ ಬಕೆಟ್ಟಿನ ಇನ್ನೊಂದು ಹಿಡಿ ಹಿಡಿದುಕೊಳ್ಳಿ ಎಂದರು. ಇಬ್ಬರೂ ಸೇರಿ ಆರು ಪೀಪಾಯಿ ತೊಳೆದೆವು. ಅವರು ಕ್ಷಮಿಸಿದ್ದಾರೆಂದು ನಾನು ತಿಳಿದುಕೊಂಡಿಲ್ಲ. ಬಕೆಟ್ಟು ಭಾರವಿತ್ತು, ಅಷ್ಟೇ.

ನಿನಗೂ ಇದನ್ನೆಲ್ಲ ಬರೆದು ಕ್ಷಮೆ ಕೇಳುತ್ತಿದ್ದೇನೆಂದು ಅಂದುಕೊಳ್ಳಬೇಡ. ಆ ದಿನದ ಆರು ಗಂಟೆ ನಿನ್ನ ಅಮ್ಮನ ಗಂಡ ಎಲ್ಲಿ ಏನು ಮಾಡುತ್ತಿದ್ದ ಎಂದು ನಿನಗೆ ತಿಳಿಯಬೇಕು. ತಿಳಿಸಿದ್ದೇನೆ. ತರಬೇತಿ ಕೊಡುವ ಕೆಲಸ ಬೇಡವೆಂದು ಮ್ಯಾನೇಜರಿಗೆ ಹೇಳಿಯಾಯಿತು. ಮುಂದಿನ ವರ್ಷ ಹಲಗೆ ಹಿಡಿಯುತ್ತೇನೋ ಇಲ್ಲವೋ ಅದನ್ನೂ ಯೋಚಿಸಿಲ್ಲ. ಬೆಳಿಗ್ಗೆ ಏಳುತ್ತೇನೆ, ದರ್ಜಿಗೆ ಓ ಅನ್ನುತ್ತೇನೆ, ಅಮ್ಮನ ಕಿಟಕಿಯ ಕುಂಡಗಳಿಗೆ ನೀರು ಹಾಕುತ್ತೇನೆ. ಒಂದು ಒಣಗಿದೆ, ಉಳಿದ ನಾಲ್ಕು ಹಟ ಹಿಡಿದು ಬದುಕಿವೆ.

ಅಳಿಯಂದಿರಿಗೆ ನನ್ನ ನಮಸ್ಕಾರ ತಿಳಿಸು. ಇನ್ನು ಮೇಲೆ ಬೇರೆ ನೆಪ ಹುಡುಕಿಕೊಳ್ಳಲಿ ಎಂದು ಹೇಳು, ನಿನಗೆ ನೆಗಡಿಯಾದೀತು. ಮರಿಯ ಕೆನ್ನೆಗೆ ಅಜ್ಜನದೊಂದು ಮುತ್ತು. ಬಿದ್ದ ಹಲ್ಲನ್ನು ಎಸೆಯದೆ ಇಟ್ಟಿರಲಿ, ಎಂದಾದರೂ ನೋಡುತ್ತೇನೆ. ನಿನ್ನ ಬೆನ್ನು ನೆಟ್ಟಗಿರಲಿ, ಮನೆ ತಣ್ಣಗಿರಲಿ, ಮೂವರೂ ಹೊತ್ತುಹೊತ್ತಿಗೆ ಉಣ್ಣಿರಿ.

ಇಂತಿ,
ನೀನು ಮಾತಾಡದಿದ್ದರೂ ನಿನ್ನ
ಅಪ್ಪ

ಲಕೋಟೆ ಅಂಟಿಸಿ ಮೆಟ್ಟಿಲ ಅರ್ಧಕ್ಕೆ ಇಳಿದವನು ಮತ್ತೆ ಹತ್ತಿ ಬಂದು ಬಿಚ್ಚಿದ್ದೇನೆ. ಐದಕ್ಕೆ ಅಂಚೆಯವನು ಡಬ್ಬ ಬಿಚ್ಚುತ್ತಾನೆ, ಹನ್ನೆರಡು ನಿಮಿಷವಿದೆ, ಬೇಗ ಬರೆಯುತ್ತೇನೆ, ಅಕ್ಷರ ಸೊಟ್ಟಗಿದ್ದರೆ ಹೆಬ್ಬೆರಳ ಪಟ್ಟಿಯಿಂದ. ಮೇಲೆ ಬರೆದದ್ದೆಲ್ಲ ನಿಜ. ಒಂದನ್ನು ಬಿಟ್ಟು ಬರೆದಿದ್ದೇನೆ. ಆಸ್ಪತ್ರೆಯಿಂದ ಬಂದ ಮೊದಲ ಫೋನು ಸುಂಕದ ಮನೆಯಲ್ಲಿ ಬಂದದ್ದಲ್ಲ. ಎಂಟು ನಲವತ್ತಕ್ಕೆ, ಹಡಗಿನ ಎದುರು ಹಲಗೆ ಹಿಡಿದು ನಿಂತಿದ್ದಾಗಲೇ ಬಂದಿತ್ತು. “ಉಸಿರು ಇಳೀತಾ ಇದೆ, ಈಗಲೇ ಹೊರಟು ಬನ್ನಿ, ನಿಮ್ಮನ್ನ ಕೇಳ್ತಿದ್ದಾರೆ” ಎಂದರು ಆ ನರ್ಸು. ಬರುತ್ತೇನೆ ಎಂದೆ. ಎದುರಿಗೇ ನಾಲ್ಕು ಟ್ಯಾಕ್ಸಿ ನಿಂತಿದ್ದವು. ಹದಿನೈದು ನಿಮಿಷದ ದಾರಿ. ಅವಳು ಇನ್ನೂ ಒಂದೂವರೆ ಗಂಟೆ ಇದ್ದಳು. ಜನ ಹಡಗಿನಿಂದ ಇಳಿಯಲು ಶುರುಮಾಡಿದರು. ನಾನು ಹಲಗೆ ಎತ್ತಿ ಹಿಡಿದೆ. ಮೊದಲೇ ಫೋನ್ ಬರಲಿಲ್ಲವಾ ಎಂದು ನೀನು ಆ ದಿನ ಕೇಳಿದಾಗ ಇಲ್ಲ ಎಂದೆ, ನೀನು ನಂಬಿದೆ. ನಾನು ಹೆದರಿದೆ ಗುಬ್ಬೀ. ಅವಳ ಉಸಿರು ನನ್ನ ಕಣ್ಣೆದುರಿಗೆ ನಿಲ್ಲುವುದನ್ನು ನೋಡಲಾರೆ ಎಂದು ಹೆದರಿದೆ, ಬೇರೆ ಕಾರಣವೇನೂ ಇಲ್ಲ. ಬರುತ್ತಿದ್ದಾರೆ, ದಾರಿಯಲ್ಲಿದ್ದಾರೆ ಎಂದು ನರ್ಸು ಅವಳಿಗೆ ಕೊನೆಯವರೆಗೂ ಹೇಳುತ್ತಿದ್ದರಂತೆ. ಬಾಟಲಿಯ ಕಾರಣಕ್ಕೆ ನೀನು ನನ್ನ ಮೇಲೆ ಸಿಟ್ಟಾಗಿದ್ದೀಯ. ಅದು ತಪ್ಪು ಕಾರಣ. ಸರಿಯಾದ ಕಾರಣ ಇದು. ಗಂಟೆ ಐದಾಗುತ್ತ ಬಂತು.